ಸೊನ್ನೆ ಟಿಕೆಟ್ಟು

ದುಧನಿಯ ಜಿಲ್ಲಾ ಪರಿಷದ್ ಕನ್ನಡ ಶಾಲೆ, ಎಂಟನೆಯ ತರಗತಿ.
ಪುಣೆಯಲ್ಲಿ ಅಚ್ಚಾದ ಕನ್ನಡ ಪುಸ್ತಕ, ಪಾಠದ ಹೆಸರು
‘ಸರ್ಕಾರದ ಆದಾಯ ಮತ್ತು ವೆಚ್ಚ’.
ಹಲಗೆಯ ಮೇಲೆ ಎರಡು ಖಾನೆ ಎಳೆದು
ಬಂದದ್ದು ಇತ್ತ, ಹೋದದ್ದು ಅತ್ತ ಎಂದು ಬರೆಯುತ್ತಿದ್ದೆ.
ಹಿಂದಿನ ಬೆಂಚಿನಲ್ಲಿ ಯಾರೋ ಕದ್ದು ಪುಟಾಣಿ ಅಗಿಯುತ್ತಿದ್ದರು.

ಪ್ರಾಜಕ್ತಾ ಧನಶೆಟ್ಟಿ ಎದ್ದು ಬಂದಳು.
ಕಂಪಾಸ್ ಪೆಟ್ಟಿಗೆಯಿಂದ ಎರಡು ಚೀಟಿ ತೆಗೆದು
ನನ್ನ ಮೇಜಿನ ಮೇಲೆ ಬಿಡಿಸಿಟ್ಟಳು,
ತಹಸೀಲ್ದಾರರ ಮುಂದೆ ದಾಖಲೆ ಇಡುವವರ ಹಾಗೆ.

“ಇದು ನಮ್ಮವ್ವಂದು ಸರ್, ಇದು ದೊಡ್ಡವ್ವಂದು.
ಒಂದ ಬಸ್ಸು, ಒಂದ ಸೀಟು, ಆಳಂದಕ್ಕ.
ಇಬ್ಬರೂ ಒಂದ ತಾಯಿ ಹೊಟ್ಟಿಯವರು.
ಕಂಡಕ್ಟರ್ ಆಧಾರ್ ನೋಡಿದ.
ದೊಡ್ಡವ್ವಗ ಸೊನ್ನಿ. ನಮ್ಮವ್ವಗ ನಲವತ್ತೆಂಟು.
ಯಾಕ್ರಿ?”

ನಾನು ರಾಜ್ಯ ಎಂದೆ, ರಹವಾಸಿ ಎಂದೆ, ಯೋಜನೆ ಎಂದೆ.
ಅಕ್ಕ ಇಂದುಬಾಯಿಯನ್ನು ಆಳಂದಕ್ಕೆ ಕೊಟ್ಟದ್ದು,
ತಂಗಿಯನ್ನು ಇದೇ ಊರಿನ ಹಳೇ ಪೇಟೆಗೆ.
ಗಂಡು ಹುಡುಕುವಾಗ ಅವರಪ್ಪ
ಎತ್ತು ನೋಡಿದ್ದ, ಬಾವಿ ನೋಡಿದ್ದ,
ಬೆಂಗಳೂರಿನ ಬಜೆಟ್ಟು ಮುಂಬಯಿಯ ಬಜೆಟ್ಟು ನೋಡಿರಲಿಲ್ಲ.

“ಅಕ್ಕಲಕೋಟಕ್ಕ ಹೋಗುವಾಗ ಎಸ್‌ಟಿ ಬಸ್ಸಿನಾಗ
ಇಬ್ಬರಿಗೂ ಅರ್ಧ ಟಿಕೆಟ್. ಯಾರೂ ಏನೂ ಕೇಳಲಿಲ್ಲ.”

ಅರ್ಧ, ಸೊನ್ನೆ, ಪೂರ್ತಿ.
ಗಣಿತದ ತಾಸು ಬೆಳಿಗ್ಗೆಯೇ ಮುಗಿದಿತ್ತು.

ಸೊನ್ನೆ ಟಿಕೆಟ್ಟಿಗೂ ಡೀಸೆಲ್ ಸುಡುತ್ತದೆ, ಎಂದೆ.
ಡ್ರೈವರನ ಪಗಾರ, ಸವೆದ ಟೈರು,
ಯಾರೋ ಕೊಟ್ಟೇ ಕೊಡಬೇಕು. ಯಾರು?
“ಸರ್ಕಾರ!” ಇಡೀ ತರಗತಿ, ಮಗ್ಗಿ ಹೇಳುವ ರಾಗದಲ್ಲಿ.
ಸರ್ಕಾರದ ಕಿಸೆಗೆ ಹಾಕಿದವರು ಯಾರು?
ಪುಟಾಣಿಯ ಸದ್ದೂ ನಿಂತಿತು.

ಸಾಯಬಣ್ಣ ಬಸ್ಸಿನವನೇ ಅಲ್ಲ, ಸೈಕಲ್ಲಿನವನು.
ಹೋದ ತಿಂಗಳು ಆಳಂದದಲ್ಲಿ ಹೊಸ ಟೈರು ಕೊಂಡಿದ್ದ.
ಬಿಲ್ಲು ಅಂಗಿಯ ಜೇಬಿನಲ್ಲೇ ಒಗೆತಕ್ಕೆ ಬಿದ್ದು
ಒಣಗಿ ಹಪ್ಪಳವಾಗಿತ್ತು. ಬಿಡಿಸಿ ಓದಿಸಿದೆ.
ಕೊನೆಯಲ್ಲಿ, ಮಸುಕಾಗಿ, ತೆರಿಗೆಯ ಎರಡು ಸಾಲು:
ಒಂದು ದಿಲ್ಲಿಯ ದಾರಿ ಹಿಡಿದದ್ದು, ಒಂದು ಬೆಂಗಳೂರಿನದು.

ಅವನ ತುಟಿ ಅಲುಗಿತು, ಬೆರಳು ಮಡಿಚಿತು.
“ಅಂದ್ರ ಆ ದೊಡ್ಡವ್ವನ ಸೊನ್ನಿಯೊಳಗ
ನಂದೂ ಚೂರು ರೊಕ್ಕ ಅದ?”
ಇದೆ.
“ನಾ ಮಹಾರಾಷ್ಟ್ರದವ ಆದ್ರೂ?”
ಆದರೂ.
“ಹಂಗಾದ್ರ ಆ ಸೀಟಿನಾಗ ನನಗೂ ಚೂರು ಜಾಗ ಬೇಕಲ್ರಿ!”

ತರಗತಿ ನಕ್ಕಿತು. ಪ್ರಾಜಕ್ತಾ ನಗಲಿಲ್ಲ.
“ನಮ್ಮವ್ವ ಪಾತಳ, ಚಪ್ಪಲಿ, ಮೊನ್ನಿ ಕುಕ್ಕರ್,
ಎಲ್ಲಾ ಆಳಂದದಾಗ ತೊಗೊಂಡಾಳ.
ಆ ರೊಕ್ಕಾನೂ ಅತ್ತಾಗೇ ಹೋಗ್ಯಾದ.
ಮತ್ತ ಆಕಿಗ್ಯಾಕ ನಲವತ್ತೆಂಟು?”

ಇಪ್ಪತ್ತೆರಡು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ.
ಸೀಮೆಸುಣ್ಣ ಕೈಯಲ್ಲೇ ನಿಂತಿತು.
ಆಮೇಲೆ ಖಾನೆಗಳ ಕೆಳಗೆ, ಪುಸ್ತಕದಲ್ಲಿ ಇಲ್ಲದ್ದನ್ನು ಬರೆದೆ:
ತೆರಿಗೆ ಕೇಳುವುದು ಕೊಂಡ ಊರನ್ನು.
ಸವಲತ್ತು ಕೇಳುವುದು ಮಲಗುವ ಊರನ್ನು.
ನಡುವೆ, ಎಮ್ಮೆಗಳು ಮೈ ತಿಕ್ಕಿಕೊಳ್ಳುವ ಒಂದು ಕಲ್ಲು.

ನ್ಯಾಯವೋ ಅಲ್ಲವೋ, ಅದನ್ನು ಬರೆಯಲಿಲ್ಲ.
ಜಾಗ ಬಿಟ್ಟಿದ್ದೇನೆ, ಹದಿನೆಂಟು ತುಂಬಿದ ಮೇಲೆ
ಓಟಿನಿಂದ ನೀವೇ ತುಂಬಿರಿ, ಎಂದೆ.
“ಯಾವ ಕಡಿ ಓಟಿನಿಂದ ಸರ್?”
ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷ ಇತ್ತು.

ಚೀಟಿಗಳನ್ನು ಅದೇ ಪಾಠದ ಪುಟಕ್ಕೆ ಅನ್ನದ ಅಗುಳಿನಿಂದ ಅಂಟಿಸಿಕೊಂಡಳು.
ಏಪ್ರಿಲ್ಲಿನಲ್ಲಿ, ಪರೀಕ್ಷೆಯ ಹಿಂದಿನ ದಿನ, ಪುಸ್ತಕ ತಂದಳು.
ಯಂತ್ರದ ಕಾಗದ. ಬೇಸಿಗೆಯ ಕಾವಿಗೆ ಅಕ್ಷರ ಆರಿ
ಎರಡೂ ಬೆಳ್ಳಗಾಗಿದ್ದವು,
ನಲವತ್ತೆಂಟೂ ಇಲ್ಲ, ಸೊನ್ನೆಯೂ ಇಲ್ಲ.

ಪುಟವನ್ನೇ ಕಿಟಕಿಯ ಬೆಳಕಿಗೆ ಹಿಡಿದು
ಕಣ್ಣು ಕಿರಿದು ಮಾಡಿ ಕೇಳಿದಳು:
“ಸರ್, ಇದರಾಗ ನಮ್ಮವ್ವಂದು ಯಾವುದು?”